ಬೆಲೆಯೇ ಇಲ್ಲದಾಗ ಬಿಟ್‌ಕಾಯಿನ್ ನಡೆಸಿದವರು

[ದೃಶ್ಯ: ಕಣಗಿನಹಾಳದ ಬೀದಿ]

ನಮಸ್ಕಾರ ಅಣ್ಣಾರ, ಅಕ್ಕಾರ. ಇದು ಗದಗ ತಾಲ್ಲೂಕಿನ ಕಣಗಿನಹಾಳ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಲ್ಲಿ ಸಹಕಾರ ಸಂಘ ಕಟ್ಟಿದರು. ನಮ್ಮ ಭಾಗದಲ್ಲಿ ಸಹಕಾರ ಚಳವಳಿ ಶುರುವಾಗಿದ್ದೇ ಈ ಊರಿನಿಂದ.

ಸೊಸೈಟಿ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಯಾರು ಎಷ್ಟು ಕಟ್ಟಿದರು, ಯಾರಿಗೆ ಎಷ್ಟು ಸಾಲ ಹೋಯಿತು, ಎಲ್ಲ ಲೆಕ್ಕದ ಪುಸ್ತಕದಲ್ಲಿರುತ್ತದೆ. ಪುಸ್ತಕ ಸೆಕ್ರೆಟರಿ ಕೈಯಲ್ಲಿರುತ್ತದೆ. ಈಗ ಆ ಪುಸ್ತಕದ ಒಂದೊಂದು ಪ್ರತಿ ಪ್ರತಿಯೊಬ್ಬ ಸದಸ್ಯರ ಮನೆಯಲ್ಲೂ ಇದೆ ಅಂದುಕೊಳ್ಳಿ. ಒಬ್ಬರು ಕದ್ದು ತಿದ್ದಿದರೆ ಉಳಿದವರ ಪ್ರತಿಗಳೇ ಅವರನ್ನು ಹಿಡಿದುಕೊಡುತ್ತವೆ. ಕಂಪ್ಯೂಟರುಗಳಲ್ಲೇ ಇರುವ, ಯಾವ ಬ್ಯಾಂಕೂ ನಡೆಸದ ಹಣ ಬಿಟ್‌ಕಾಯಿನ್. ಅದರ ತಿರುಳು ಇಷ್ಟೇ.

[ದೃಶ್ಯ: ಒಂದೇ ಫೋಟೊ ಹತ್ತು ಮೊಬೈಲ್‌ಗಳಲ್ಲಿ]

ಇದು ಯಾಕೆ ಬೇಕಾಯಿತು? ಒಂದು ಫೋಟೊವನ್ನು ಹತ್ತು ಜನರಿಗೆ ಕಳಿಸಬಹುದು. ಕಂಪ್ಯೂಟರಿನ ಹಣವನ್ನೂ ಹಾಗೆ ಕಳಿಸುವಂತಾದರೆ ಅದಕ್ಕೆ ಬೆಲೆ ಎಲ್ಲಿ ಉಳಿಯುತ್ತದೆ? ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಚಾಮ್ ಅವರ ಡಿಜಿಕ್ಯಾಶ್ ಎಂಬ ಡಿಜಿಟಲ್ ಹಣ, ನಡುವೆ ಕಂಪನಿಯನ್ನು ಇಟ್ಟು ಇದನ್ನು ತಡೆಯಲು ನೋಡಿತು. 1998ರಲ್ಲಿ ಆ ಕಂಪನಿಯೇ ದಿವಾಳಿಯಾಯಿತು.

2008ರ ಅಕ್ಟೋಬರ್ 31ರಂದು ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ, ಬಿಟ್‌ಕಾಯಿನ್ ಹೇಗೆ ನಡೆಯುತ್ತದೆ ಅಂತ ವಿವರಿಸುವ 9 ಪುಟದ ಒಂದು ಲೇಖನ ಬಂತು. ಆ ಹೆಸರಿನ ಹಿಂದೆ ಯಾರಿದ್ದಾರೆ ಅಂತ ಇವತ್ತಿಗೂ ತಿಳಿದಿಲ್ಲ. 2009ರ ಜನವರಿ 3ಕ್ಕೆ ಮೊದಲ ಬ್ಲಾಕ್, ಅಂದರೆ ಲೆಕ್ಕದ ಮೊದಲ ಪುಟ, ತಯಾರಾಯಿತು. ಬ್ಯಾಂಕುಗಳಿಗೆ ಸರ್ಕಾರ ಮತ್ತೆ ಹಣ ಕೊಟ್ಟು ಉಳಿಸಲಿದೆ ಎಂಬ ಅವತ್ತಿನ ಲಂಡನ್ ಪತ್ರಿಕೆಯ ತಲೆಬರಹ ಅದರೊಳಗೆ ಇದೆ. ಸುಮಾರು 10 ನಿಮಿಷಕ್ಕೊಂದು ಬ್ಲಾಕ್. ಒಂದು ಕಷ್ಟದ ಲೆಕ್ಕವನ್ನು ಮೊದಲು ಬಿಡಿಸಿದ ಕಂಪ್ಯೂಟರ್‌ಗೆ ಆಗ 50 ಕಾಯಿನ್ ಸಿಗುತ್ತಿತ್ತು. ಮೈನಿಂಗ್ ಅಂತಾರಲ್ಲ, ಅದು ಇದೇ.

[ದೃಶ್ಯ: ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್]

ಬಿಟ್‌ಕಾಯಿನ್ ಅನ್ನು ಮೊದಮೊದಲು ನಡೆಸಿದವರಲ್ಲಿ ಹಾಲ್ ಫಿನ್ನಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಮೆರಿಕದ ಪ್ರೋಗ್ರಾಮರ್. ಸಂದೇಶಗಳನ್ನು ಗುಟ್ಟಾಗಿಡುವ ತಂತ್ರಾಂಶ ಬರೆಯುವುದು ಅವರ ಕೆಲಸ. 2009ರ ಜನವರಿ 12ರಂದು ಸತೋಶಿಯಿಂದ ಫಿನ್ನಿಗೆ 10 ಕಾಯಿನ್ ಬಂದವು. ಒಬ್ಬರಿಂದ ಇನ್ನೊಬ್ಬರಿಗೆ ಬಿಟ್‌ಕಾಯಿನ್ ಹೋಗಿದ್ದು ಅದೇ ಮೊದಲು. ಫಿನ್ನಿ ಪ್ರೋಗ್ರಾಂ ಓಡಿಸಿ, ಎಲ್ಲಿ ಕೆಡುತ್ತದೆ ನೋಡಿ, ಸತೋಶಿಗೆ ಬರೆದು ತಿಳಿಸುತ್ತಿದ್ದರು. ಕೆಲವು ದಿನ ಮೈನಿಂಗ್ ಮಾಡಿ ನಿಲ್ಲಿಸಿಬಿಟ್ಟರು. ಕಾರಣ ಅವರೇ ಬರೆದಿದ್ದಾರೆ: ಕಂಪ್ಯೂಟರ್ ಬಿಸಿಯಾಗುತ್ತಿತ್ತು, ಫ್ಯಾನಿನ ಸದ್ದು ಕಿರಿಕಿರಿ! ಅದೇ ವರ್ಷ ಅವರಿಗೆ ಎಎಲ್ಎಸ್ ಎಂಬ ನರಗಳ ಕಾಯಿಲೆ ಇರುವುದು ಗೊತ್ತಾಯಿತು. ಕೈಕಾಲು ಸ್ವಾಧೀನ ತಪ್ಪಿದ ಮೇಲೂ ಕಣ್ಣಿನ ಚಲನೆಯಿಂದ ನಡೆಯುವ ಯಂತ್ರದಲ್ಲಿ ಕೋಡ್ ಬರೆದರು. 2014ರಲ್ಲಿ ತೀರಿಕೊಂಡರು. ನನಗೆ ಈ ಮನುಷ್ಯನ ಮೇಲೆ ತುಂಬಾ ಗೌರವ.

ಇವತ್ತು ಹುಬ್ಬಳ್ಳಿ-ಧಾರವಾಡದಲ್ಲೂ "ಮೊದಲು ಸೇರಿದವರಿಗೆ ಲಾಭ, ನಾಲ್ಕು ಜನರನ್ನು ಕರೆತನ್ನಿ" ಅಂತ ಹೊಸ ಕಾಯಿನ್ ಮಾರಲು ಬಂದರೆ, ಬಿಟ್‌ಕಾಯಿನ್ ಕಥೆಯನ್ನೇ ಸಾಕ್ಷಿ ಕೊಡುತ್ತಾರೆ. ಆದರೆ ಫಿನ್ನಿ ಯಾರಿಗೂ ದುಡ್ಡು ಕಟ್ಟಿ ಸೇರಿದವರಲ್ಲ. ಆಗ ಕಾಯಿನ್‌ಗೆ ಬೆಲೆಯೇ ಇರಲಿಲ್ಲ. ಕೋಡ್ ಎಲ್ಲರ ಮುಂದೆ ತೆರೆದಿತ್ತು.

[ದೃಶ್ಯ: ಎರಡು ಪಿಜ್ಜಾ]

ಪಿಜ್ಜಾ ಕಥೆ ಕೇಳಿರುತ್ತೀರಿ. 2010ರ ಮೇ 22, ಫ್ಲೋರಿಡಾದ ಲಾಸ್ಲೊ ಹಾನ್ಯೆಟ್ಸ್, 2 ಪಿಜ್ಜಾಗೆ 10,000 ಕಾಯಿನ್ ಕೊಟ್ಟರು. ಆಮೇಲೆ ಕಾಯಿನ್ ಬೆಲೆ ಏರಿದ್ದು ನೋಡಿ ಜನ ನಗುತ್ತಾರೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಇದರಿಂದ ಊಟ ಸಿಗುತ್ತದೆ ಅಂತ ಯಾರಾದರೂ ತೋರಿಸಲೇಬೇಕಿತ್ತು ಅಲ್ವಾ? ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಮೈನಿಂಗ್ ಮಾಡಿದ ಮೊದಲಿಗರಲ್ಲೂ ಅವರಿದ್ದಾರೆ.

ಅದೇ ವರ್ಷದ ಆಗಸ್ಟ್ 15ರಂದು ದೊಡ್ಡ ಗಂಡಾಂತರ. ಬಿಟ್‌ಕಾಯಿನ್‌ನ ಗರಿಷ್ಠ ಮಿತಿ 2.1 ಕೋಟಿ. ಕೋಡ್‌ನ ಒಂದು ದೋಷದಿಂದ ಒಂದೇ ಬ್ಲಾಕ್‌ನಲ್ಲಿ ಸುಮಾರು 18,400 ಕೋಟಿ ಕಾಯಿನ್ ಹುಟ್ಟಿಬಿಟ್ಟವು! ಕೆಲವೇ ಗಂಟೆಗಳಲ್ಲಿ ಸರಿಪಡಿಸಿದ ಪ್ರೋಗ್ರಾಂ ಬಂತು. ಹಾಕಿಕೊಳ್ಳಿ ಅಂತ ಆಜ್ಞೆ ಮಾಡುವ ಅಧಿಕಾರ ಯಾರಿಗೂ ಇರಲಿಲ್ಲ. ನಡೆಸುತ್ತಿದ್ದವರು ತಾವಾಗಿಯೇ ಹಾಕಿಕೊಂಡರು, ಕೆಟ್ಟ ಬ್ಲಾಕ್ ಲೆಕ್ಕದಿಂದ ಹೊರಗೆ ಹೋಯಿತು.

ಕಾಯಿನ್‌ಗಳನ್ನು ಎಕ್ಸ್‌ಚೇಂಜ್‌ನ, ಅಂದರೆ ಕಾಯಿನ್ ಕೊಂಡು ಮಾರುವ ಜಾಗದ, ಕೈಗೆ ಕೊಟ್ಟಾಗ ಏನಾಯಿತು, 2014ರಲ್ಲಿ ಮೌಂಟ್ ಗಾಕ್ಸ್ ಎಂಬ ಅಂಥ ಎಕ್ಸ್‌ಚೇಂಜ್ ಹೇಗೆ ಮುಳುಗಿತು, ಅದು ಮುಂದಿನ ವಿಡಿಯೋದಲ್ಲಿ. ಪ್ರಶ್ನೆ ಇದ್ದರೆ ಕೆಳಗೆ ಬರೆಯಿರಿ.