ಓಡುವಾಗ ತಂಪು, ನಿಂತರೆ ಬಿಸಿ: ನಮ್ಮ ಕಾರಿನ ಎಸಿಗೆ ಏನಾಗಿದೆ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಇದು. ಹೊರಗೆ 42 ಡಿಗ್ರಿ. ಈಗ ನೀವು ನೋಡುತ್ತಿರುವ ಥರ್ಮಾಮೀಟರ್ ಅಡುಗೆಮನೆಯದು. ಅದರ ಕಡ್ಡಿಯನ್ನು ಎಸಿ ಗಾಳಿ ಬರುವ ನಡುವಿನ ಕಿಂಡಿಗೆ ಸಿಕ್ಕಿಸಿದ್ದೇನೆ. ಎಸಿ ಪೂರ್ತಿ ಆನ್ ಇದೆ, ಆದರೂ 27 ತೋರಿಸುತ್ತಿದೆ. ಜಗತ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಿದ್ದೇವೆ.

ಈಗ ಇದನ್ನು ನೋಡಿ. ಊರು ದಾಟಿ ಸೇಡಂ ರಸ್ತೆಗೆ ಬಂದಿದ್ದೇವೆ. ವೇಗ 70. ಅದೇ ಕಿಂಡಿ, ಅದೇ ಥರ್ಮಾಮೀಟರ್. 20, 16, 13... 11ಕ್ಕೆ ಬಂದು ನಿಂತಿತು. ಬಟನ್ ಯಾವುದನ್ನೂ ಮುಟ್ಟಿಲ್ಲ.

ಈ ಎರಡು ಅಂಕಿಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಇವತ್ತಿನ ವಿಡಿಯೊ ನಿಂತಿರುವುದೇ ಅದರ ಮೇಲೆ. ಗ್ಯಾರೇಜಿಗೆ ಹೋಗಿ "ಎಸಿ ತಣ್ಣಗೆ ಬರ್ತಿಲ್ಲ" ಅಂದರೆ, ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: "ಗ್ಯಾಸ್ ಖಾಲಿ ಆಗಿದೆ, ಹಾಕಿಸಿ." ನನಗೂ ಅದೇ ಹೇಳಿದರು. ನಾನು ಹಾಕಿಸಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಎಸಿ ಗ್ಯಾಸ್ ಪೆಟ್ರೋಲ್ ಥರ ಉರಿದು ಖರ್ಚಾಗುವ ವಸ್ತು ಅಲ್ಲ. ಮನೆಯ ಫ್ರಿಜ್‌ಗೆ ವರ್ಷ ವರ್ಷ ಗ್ಯಾಸ್ ತುಂಬಿಸುತ್ತೀರಾ? ಇಲ್ಲ ಅಲ್ವಾ? ಕಾರಿನಲ್ಲಿ ರಬ್ಬರ್ ಹೋಸ್‌ಗಳಿವೆ, ಅಲುಗಾಟ ಇದೆ, ಹಾಗಾಗಿ ವರ್ಷಗಳು ಕಳೆದಂತೆ ಸ್ವಲ್ಪ ಸೋರುವುದು ಸಹಜ. ಆದರೆ ಪ್ರತಿ ಬೇಸಿಗೆಗೂ ಹಾಕಿಸಬೇಕಾಗುತ್ತಿದೆ ಅಂದರೆ ಎಲ್ಲೋ ತೂತಿದೆ. ತೂತು ಮುಚ್ಚದೆ ಗ್ಯಾಸ್ ಹಾಕಿಸಿದರೆ ದುಡ್ಡು ಗಾಳಿಗೆ ಹೋಗುತ್ತದೆ. ಗ್ಯಾಸೂ ಗಾಳಿಗೇ ಹೋಗುತ್ತದೆ. ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್134ಎ ಅನ್ನುವ ಗ್ಯಾಸ್. ಇದು ಓಜೋನ್ ಪದರಕ್ಕೆ ಹಾನಿ ಮಾಡುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಶಕ್ತಿ ಇದಕ್ಕಿದೆ. ಸುಮ್ನೆ ಬಿಟ್ಟುಬಿಡುವ ವಸ್ತುವಲ್ಲ ಇದು.

ಸರಿ, ಬಾನೆಟ್ ತೆಗೆಯೋಣ.

ಎಸಿ ಹೊಸದಾಗಿ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ, ಅಷ್ಟೇ. ಡ್ಯಾಶ್‌ಬೋರ್ಡಿನ ಒಳಗೆ ಒಂದು ಕಾಯಿಲ್ ಇದೆ. ಗ್ಯಾಸ್ ಅಲ್ಲಿ ಕುದಿದು, ನಮ್ಮ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಇದು ಮೈನಸ್ 26 ಡಿಗ್ರಿಯಲ್ಲೇ ಕುದಿಯುವ ವಸ್ತು, ಅದಕ್ಕೇ ಈ ಕೆಲಸಕ್ಕೆ ಬರುತ್ತದೆ. ಆಮೇಲೆ ಕಂಪ್ರೆಸರ್ ಅದನ್ನು ಒತ್ತಿ, ಕಾರಿನ ಮೂತಿಯಲ್ಲಿರುವ ಈ ಜಾಲರಿಗೆ ಕಳಿಸುತ್ತದೆ. ಇದೇ ಕಂಡೆನ್ಸರ್. ಎತ್ತಿದ ಬಿಸಿಯೆಲ್ಲ ಇಲ್ಲಿ ಇಳಿಯಬೇಕು. ಇಳಿಯಲು ಗಾಳಿ ಬೇಕು. ಕಾರು ಓಡುವಾಗ ರಸ್ತೆಯ ಗಾಳಿಯೇ ಸಾಕು. ನಿಂತಾಗ? ಈ ಫ್ಯಾನ್ ತಿರುಗಬೇಕು.

ಗೊತ್ತಾಯಿತಲ್ವಾ? ಓಡುವಾಗ 11, ನಿಂತಾಗ 27 ಅಂದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಗ್ಯಾಸ್ ಸ್ವಲ್ಪ ಕಡಿಮೆಯಿದ್ದರೂ, ಕಂಪ್ರೆಸರ್ ಸವೆದಿದ್ದರೂ ಹೀಗಾಗಬಹುದು. ಆದರೆ ಫ್ಯಾನ್ ನೋಡಲು ಒಂದು ರೂಪಾಯಿಯೂ ಬೇಡ, ಕಣ್ಣು ಸಾಕು. ಮೊದಲು ಅದನ್ನೇ ನೋಡಬೇಕು.

ಎಂಜಿನ್ ಸ್ಟಾರ್ಟ್ ಮಾಡಿದೆವು. ಅಣ್ಣ ಒಳಗೆ ಎಸಿ ಬಟನ್ ಒತ್ತುತ್ತಾನೆ, ಕೇಳಿಸಿಕೊಳ್ಳಿ... "ಟಕ್". ಕಂಪ್ರೆಸರನ್ನು ಎಂಜಿನ್ ಬೆಲ್ಟಿನ ಪುಲ್ಲಿಗೆ ಜೋಡಿಸುವ ಕ್ಲಚ್ ಹಿಡಿದ ಸದ್ದು ಅದು. ಪುಲ್ಲಿಯ ಮುಂದಿನ ತಟ್ಟೆಯೂ ಈಗ ಜೊತೆಗೆ ತಿರುಗುತ್ತಿದೆ. ಕಂಪ್ರೆಸರ್ ಕೆಲಸ ಮಾಡುತ್ತಿದೆ. ಫ್ಯಾನ್ ಮಾತ್ರ ಅಲ್ಲಾಡುತ್ತಿಲ್ಲ. ಎಸಿ ಹಾಕಿದ ಸ್ವಲ್ಪ ಹೊತ್ತಿಗೇ ಅದು ನಿಧಾನ ವೇಗದಲ್ಲಾದರೂ ತಿರುಗಬೇಕಿತ್ತು. ಒಂದು ಎಚ್ಚರಿಕೆ: ಇಲ್ಲಿಗೆ ಕೈ ಹಾಕಬೇಡಿ. ಯಾವ ಕ್ಷಣದಲ್ಲಾದರೂ ಫ್ಯಾನ್ ಶುರುವಾಗಬಹುದು. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ತಿರುಗುತ್ತದೆ. ದುಪಟ್ಟಾ, ಟವೆಲ್ ಕೂಡ ದೂರ ಇರಲಿ.

ಈಗ ಹಳೆಯ ಮೆಕ್ಯಾನಿಕ್‌ಗಳು ಮಾಡುವ ಒಂದು ಪರೀಕ್ಷೆ. ನನಗೆ ತುಂಬಾ ಇಷ್ಟ ಇದು. ಕಾರು ನಿಂತೇ ಇದೆ, ಎಸಿ ಆನ್, ಥರ್ಮಾಮೀಟರ್ 28ರಲ್ಲಿದೆ. ಸ್ಪ್ರೇ ಬಾಟಲಿಯಿಂದ ಕಂಡೆನ್ಸರ್ ಮೇಲೆ ಮುಂದಿನಿಂದ ನೀರು ಸಿಂಪಡಿಸುತ್ತೇನೆ. ಮಾಮೂಲಿ ನೀರು, ಐಸ್ ನೀರಲ್ಲ. ಅಂಕಿ ಇಳಿಯುತ್ತಿದೆ ನೋಡಿ. 24... 20... 17. ನೀರು ಬಿಸಿಯನ್ನು ತೆಗೆದುಕೊಂಡಿತು, ಒಳಗೆ ತಂಪಾಯಿತು. ಅಂದರೆ ಬಿಸಿ ಹೊರಗೆ ಹೋಗುವ ದಾರಿಯಲ್ಲೇ ತೊಂದರೆ ಇದೆ. ಗ್ಯಾಸ್ ತೀರಾ ಕಡಿಮೆ ಇದ್ದಿದ್ದರೆ ನೀರು ಹಾಕಿದರೂ ಇಷ್ಟು ಇಳಿಯುತ್ತಿರಲಿಲ್ಲ.

ಹಾಗಾದರೆ ಫ್ಯಾನ್ ಸುಟ್ಟಿದೆಯಾ? ಸ್ವಲ್ಪ ಕಾದೆವು. ಎಂಜಿನ್ ಬಿಸಿಯಾಗುತ್ತಿದ್ದಂತೆ... ಬಂತು! ಜೋರಾಗಿ ತಿರುಗುತ್ತಿದೆ. ಈ ಕಾರಿನಲ್ಲಿ ರೇಡಿಯೇಟರ್‌ಗೂ ಎಸಿಗೂ ಒಂದೇ ಫ್ಯಾನ್, ಅದಕ್ಕೆ ಎರಡು ವೇಗ. ಜೋರು ವೇಗ ಸರಿಯಾಗಿದೆ, ನಿಧಾನ ವೇಗ ಮಾತ್ರ ಸತ್ತಿದೆ. ತುಂಬಾ ಜನ ಮೋಸ ಹೋಗುವುದು ಇಲ್ಲೇ. ಫ್ಯಾನ್ ತಿರುಗಿದ್ದು ಯಾವಾಗಲೋ ಒಮ್ಮೆ ಕಾಣುತ್ತದೆ, "ಫ್ಯಾನ್ ಚೆನ್ನಾಗಿದೆ" ಅಂದುಕೊಂಡು ಗ್ಯಾಸ್ ಹಾಕಿಸಲು ಹೋಗುತ್ತಾರೆ.

ನಿಧಾನ ವೇಗದ ದಾರಿಯಲ್ಲಿ ಎರಡು ಭಾಗಗಳಿವೆ: ಕರೆಂಟಿನಿಂದಲೇ ನಡೆಯುವ ಸ್ವಿಚ್ ಆದ ರಿಲೇ, ಮತ್ತು ಫ್ಯಾನಿಗೆ ಹೋಗುವ ಕರೆಂಟನ್ನು ತಗ್ಗಿಸಿ ನಿಧಾನ ಮಾಡುವ ರೆಸಿಸ್ಟರ್. ಎಂಜಿನ್ ಆಫ್ ಮಾಡಿ, ಫ್ಯೂಸ್ ಪೆಟ್ಟಿಗೆಯಲ್ಲಿ ಪಕ್ಕದಲ್ಲೇ ಇದ್ದ ಅದೇ ನಂಬರಿನ ಹಾರ್ನ್ ರಿಲೇಯನ್ನು ಇಲ್ಲಿ ಹಾಕಿ ನೋಡಿದೆ. ಬದಲಾವಣೆ ಇಲ್ಲ. ಅಂದರೆ ರಿಲೇ ಸರಿ ಇದೆ. ಉಳಿದದ್ದು ಇದು, ಫ್ಯಾನಿನ ಚೌಕಟ್ಟಿಗೆ ಅಂಟಿಕೊಂಡಿರುವ ರೆಸಿಸ್ಟರ್. ಬ್ಯಾಟರಿ ತಂತಿ ಬಿಚ್ಚಿ, ಇದನ್ನು ಹೊರತೆಗೆದು ಮಲ್ಟಿಮೀಟರ್ ಹಿಡಿದಿದ್ದೇನೆ. ಒಳಗಿನ ತಂತಿ ಸರಿಯಿದ್ದರೆ ಬೀಪ್ ಬರಬೇಕು. ಬರುತ್ತಿಲ್ಲ. ಕಡಿದುಹೋಗಿದೆ.

ನೂರಾರು ಗ್ರಾಂ ಗ್ಯಾಸ್, ದೊಡ್ಡ ಕಂಪ್ರೆಸರ್, ಇಷ್ಟೆಲ್ಲ ಇದ್ದೂ ಬೆರಳುದ್ದದ ಈ ತುಂಡು ಕೆಟ್ಟಿದ್ದಕ್ಕೆ ಅಮ್ಮ ಹಿಂದಿನ ಸೀಟಿನಲ್ಲಿ ಬೆವರಬೇಕಾಯಿತು. ತಪಾಸಣೆಗೆ ಅಂತ ಬಿಸಿಲಲ್ಲೇ ಸೇಡಂನಿಂದ ಕಲಬುರಗಿಗೆ ಬರುತ್ತಾರೆ. ಬಿಪಿ ಇದೆ. ಅವರಿಗೆ ಎಸಿ ಶೋಕಿಯಲ್ಲ, ಬೇಕೇ ಬೇಕು. ನಮ್ಮ ಕಡೆಯ ಬೇಸಿಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ರೆಸಿಸ್ಟರ್ ತಂದು ಹಾಕಿದೆವು. ಅದರ ಬೆಲೆ ಗ್ಯಾಸ್ ತುಂಬಿಸುವ ಖರ್ಚಿಗಿಂತ ಎಷ್ಟೋ ಕಡಿಮೆ.

ಹೇಗೂ ಬಿಚ್ಚಿದ್ದೇವೆ, ಕಂಡೆನ್ಸರನ್ನೂ ತೊಳೆದೆವು. ನಮ್ಮ ಜಿಲ್ಲೆಯ ಧೂಳು ನಿಮಗೆ ಗೊತ್ತಲ್ಲ. ಒಂದು ಕಡೆ ಶಹಾಬಾದ್ ಕಲ್ಲಿನ ಪುಡಿ, ಇನ್ನೊಂದು ಕಡೆ ಸಿಮೆಂಟು, ತೊಗರಿ ರಾಶಿಯ ಕಾಲಕ್ಕೆ ಹೊಟ್ಟು. ತೊಳೆಯುವಾಗ ಪ್ರೆಷರ್ ಗನ್ ಬೇಡವೇ ಬೇಡ. ಈ ತೆಳು ಎಲೆಗಳು ಬಾಗಿದರೆ ಗಾಳಿ ಹೋಗುವ ಜಾಗವೇ ಮುಚ್ಚಿಹೋಗುತ್ತದೆ. ಮಾಮೂಲಿ ಪೈಪಿನ ನೀರು ಸಾಕು. ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರನ್ನೂ ಬದಲಿಸಿದೆವು. ಅದು ಕಟ್ಟಿಕೊಂಡಿದ್ದರೆ ಲಕ್ಷಣ ಬೇರೆ: ಗಾಳಿ ತಣ್ಣಗಿರುತ್ತದೆ, ಆದರೆ ಜೋರಾಗಿ ಬರುವುದಿಲ್ಲ.

ನಿಮ್ಮ ಕಾರಿನಲ್ಲಿ ಆ "ಟಕ್" ಸದ್ದೇ ಬರದಿದ್ದರೆ? ಫ್ಯೂಸ್ ನೋಡಿ, ರಿಲೇ ನೋಡಿ. ಎರಡೂ ಸರಿಯಿದ್ದರೆ ಗ್ಯಾಸ್ ನಿಜವಾಗಿಯೂ ಸೋರಿರಬಹುದು. ಒತ್ತಡ ತೀರಾ ಇಳಿದರೆ ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ಶುರುವಾಗಲು ಬಿಡುವುದಿಲ್ಲ. ಪೈಪಿನ ಜಾಯಿಂಟ್‌ಗಳಲ್ಲಿ ಎಣ್ಣೆ ಜಿಡ್ಡು, ಅದಕ್ಕೆ ಅಂಟಿದ ಧೂಳು ಕಂಡರೆ ಅಲ್ಲೇ ಅನುಮಾನ ಪಡಿ. ಗ್ಯಾಸ್ ಜೊತೆ ಎಣ್ಣೆಯೂ ಓಡಾಡುತ್ತದೆ, ಸೋರುವಾಗ ಗುರುತು ಬಿಡುತ್ತದೆ.

ಎಂಜಿನ್ ಆಫ್ ಇರುವಾಗ ಗೇಜ್ ಹಾಕಿ "ಪ್ರೆಷರ್ ಇದೆ, ಗ್ಯಾಸ್ ಫುಲ್" ಅಂದರೆ ನಂಬಬೇಡಿ. 30 ಡಿಗ್ರಿಯಲ್ಲಿ ಆರ್134ಎ ಸುಮಾರು 97 ಪಿಎಸ್‌ಐ ತೋರಿಸುತ್ತದೆ. ಒಳಗೆ ಸ್ವಲ್ಪವೇ ದ್ರವ ಉಳಿದಿದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಅದಕ್ಕೇ ಸರಿಯಾದ ದಾರಿ ತೂಕ. ಹಳೆಯದನ್ನು ಯಂತ್ರದಿಂದ ಹೊರತೆಗೆದು, ಸೋರಿಕೆ ಹುಡುಕಿ ಮುಚ್ಚಿ, ವ್ಯಾಕ್ಯೂಮ್ ಮಾಡಿ (ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು), ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಬರೆದಷ್ಟೇ ಗ್ರಾಂ ತುಂಬಬೇಕು. ಜಾಸ್ತಿ ತುಂಬಿದರೂ ತಂಪು ಕಡಿಮೆಯಾಗುತ್ತದೆ. ಈ ಕೆಲಸ ಮನೆಯಲ್ಲಿ ಬೇಡ. ದ್ರವ ಕೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಹಾರಿದರೆ ಇನ್ನೂ ಅಪಾಯ.

ಮತ್ತೆ ಊರೊಳಗೆ ಬಂದಿದ್ದೇವೆ. ರಾಮಮಂದಿರ ಸರ್ಕಲ್, ಕೆಂಪು ಸಿಗ್ನಲ್, ಹೊರಗೆ 41. ಫ್ಯಾನಿನ ಸಣ್ಣ ಸದ್ದು ಕೇಳಿಸುತ್ತಿದೆ. ಥರ್ಮಾಮೀಟರ್ 14ರಲ್ಲಿದೆ, ಮೇಲೇರುತ್ತಿಲ್ಲ.

ನಿಮ್ಮ ಕಾರಿನ ತೊಂದರೆಯನ್ನು ಕಾಮೆಂಟ್‌ನಲ್ಲಿ ಬರೆಯುವಾಗ ಮೂರು ವಿಷಯ ತಪ್ಪದೆ ತಿಳಿಸಿ: ಓಡುವಾಗ ಎಷ್ಟು ಡಿಗ್ರಿ, ನಿಂತಾಗ ಎಷ್ಟು, ಎಸಿ ಹಾಕಿದಾಗ ಫ್ಯಾನ್ ತಿರುಗುತ್ತದೋ ಇಲ್ಲವೋ. ಇಷ್ಟು ಗೊತ್ತಾದರೆ ನಾವು ಮಾತಾಡಲು ಶುರು ಮಾಡಬಹುದು.