ಹುಡುಕದೆ ಸಿಕ್ಕಿದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಚಿತ್ರಕಲಾ ಮೇಷ್ಟ್ರಾಗಿ ನಾನು ಕಲಿಸಿದ್ದರಲ್ಲಿ, ಆಮೇಲೆ ಸಂಶೋಧನೆ ಅಂತ ಬರೆದದ್ದರಲ್ಲಿ ಗಟ್ಟಿಯಾಗಿ ಉಳಿದದ್ದೆಲ್ಲ ಅಚಾನಕ್ಕಾಗಿ ಸಿಕ್ಕಿದ್ದು. ಕೆಳದಿ ದೇವಸ್ಥಾನದ ಚಾವಣಿಯಲ್ಲಿ ಗಂಡಭೇರುಂಡದ ಕೆತ್ತನೆ ಇದೆಯಲ್ಲ, ಅದನ್ನು ನೋಡಿ ಬರೆದುಕೊಳ್ಳಲು ಹೊರಟಿದ್ದೆ. ಭೂಮಿ ಹುಣ್ಣಿಮೆ ಹತ್ತಿರವಿತ್ತು. ಸಾಗರ ಪೇಟೆ ದಾಟುತ್ತಲೇ ಮಳೆ ಹಿಡಿಯಿತು. ದಾರಿಯಲ್ಲಿ ದೀವರ ಸಮುದಾಯದ ಮನೆಯೊಂದರ ಜಗಲಿ ಹತ್ತಿ ನಿಂತೆ.

ಅಲ್ಲಿ ಅಜ್ಜಿಯೊಬ್ಬರು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ಹುಣ್ಣಿಮೆ ದಿನ ಬೆಳಗಾಗುವ ಮೊದಲು, ಬಸುರಿಯಾದ ಭೂಮಿಗೆ ಬಯಕೆಯೂಟ ಹೊತ್ತೊಯ್ಯುವ ಬುಟ್ಟಿ ಅದು. ಕೆಮ್ಮಣ್ಣು ಬಳಿದ ಮೈ, ಅರೆದ ಅಕ್ಕಿಯ ಬಿಳಿ, ಕುಂಚಕ್ಕೆ ಪುಂಡಿ ಗಿಡದ ನಾರು. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಗುರುತಿಲ್ಲ. ದುಂಡು ಮೈಮೇಲೆ ಎಳೆಯ ಪಕ್ಕ ಎಳೆ ಓಡಿ, ಸುತ್ತಿ ಬಂದು, ಹೊರಟಲ್ಲಿಗೇ ಕೂಡಿಕೊಂಡಿತು. ಗೋಡೆಯ ಹಸೆ ಚಿತ್ತಾರದಲ್ಲಿ ಕಪ್ಪು ಬಣ್ಣ ಎಲ್ಲಿಂದ ಬರುತ್ತದೆ ಅಂತ ಕೇಳಿದೆ. ಅಕ್ಕಿಯನ್ನೇ ಕರಿಕಾಗುವಷ್ಟು ಹುರಿಯುವುದಂತೆ. ಹಳದಿಗೆ ಗುರಿಗೆ ಎಂಬ ಕಾಯಿ. ಎಂಥ ಜಾಣತನ ನೋಡಿ, ಉಣ್ಣುವ ಒಂದೇ ಧಾನ್ಯದಿಂದ ಬಿಳಿಯೂ ಕಪ್ಪೂ!

ಕೆಳದಿಗೆ ಅವತ್ತು ಹೋಗಲಾಗಲಿಲ್ಲ.

ಮರುವಾರ ಶಾಲೆಯಲ್ಲಿ ಮಕ್ಕಳ ಕೈಗೆ ಪುಂಡಿ ನಾರು ಕೊಟ್ಟೆ. ಅದುವರೆಗೆ ಬಾಯಿಬಿಡದಿದ್ದ ಹುಡುಗಿಯೊಬ್ಬಳು ಎದ್ದು ಬಂದು, ನಾರಿನ ತುದಿ ಜಜ್ಜಿ ಹದ ಮಾಡಿ ತೋರಿಸಿದಳು. ಅವಳ ಮನೆಯಲ್ಲೂ ಬರೆಯುತ್ತಿದ್ದರು. ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಇಣುಕಿದವರು ಅಲ್ಲೇ ನಿಂತುಬಿಟ್ಟರು. ಮುಂದೆ ಸಮಮಿತಿಯ ಪಾಠ ಆ ಎಳೆಗಳಿಂದಲೇ ನಡೆಯಿತು. ನನ್ನ ಸಂಶೋಧನೆಯ ವಿಷಯವೂ ಬದಲಾಯಿತು.

ದೊಡ್ಡವರಿಗೂ ಹೀಗೇ ಆಗಿದೆ. 1905ರಲ್ಲಿ ತಂಜಾವೂರಿನ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟೊಂದನ್ನು ಕೊಟ್ಟರು. ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರೆ, ಕಳೆದೇಹೋಯಿತು ಅಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅದು ಅಚ್ಚಾಯಿತು. ಕಟ್ಟು ತಾನಾಗಿ ಬಂತು, ನಿಜ. ಬಂದದ್ದನ್ನು ಕೂತು ಓದುವವರು ಅಲ್ಲಿದ್ದರು.

ಈಗ ಸಂಶೋಧನೆಗೆ ಹೊರಡುವವರು ಏನು ಸಿಗಲಿದೆ ಅಂತ ಮೊದಲೇ ಅರ್ಜಿಯಲ್ಲಿ ಬರೆದುಕೊಡಬೇಕು. ಶಾಲೆಯ ವೇಳಾಪಟ್ಟಿಯಲ್ಲೂ ಉಸಿರಾಡಲು ಜಾಗವಿಲ್ಲ. ಇದು ನನಗೆ ತುಂಬ ನೋವಿನ ಸಂಗತಿ. ಸಾಗರ, ಸೊರಬದ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಈ ಸಲದ ಭೂಮಿ ಹುಣ್ಣಿಮೆಗೆ ಮೊದಲು ಒಂದು ಮಧ್ಯಾಹ್ನ ಯಾವ ಪಾಠವನ್ನೂ ಇಟ್ಟುಕೊಳ್ಳಬೇಡಿ. ಚಿತ್ತಾರ ಬರೆಯುವ ಅಜ್ಜಿಯೊಬ್ಬರನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ, ಮಕ್ಕಳನ್ನು ಸುತ್ತ ಬಿಡಿ. ಏನು ಕಲಿತರು ಅಂತ ಅವತ್ತೇ ಕೇಳಬೇಡಿ.

ನಮಸ್ಕಾರ.