ಹೊರಬಾಗಿಲಲ್ಲಿ ಕತ್ತಿ ಹಿಡಿದವನು: ಫ್ರೀಮೇಸನ್ ಲಾಡ್ಜಿನ ಟೈಲರ್

ಎಲ್ಲರಿಗೂ ನಮಸ್ಕಾರ.

ಫ್ರೀಮೇಸನ್ನರು, ಅಂದರೆ ದೀಕ್ಷೆ ಪಡೆದು ಸೇರುವ ಒಂದು ಹಳೆಯ ಸಹೋದರ ಸಂಘದವರು. ಅವರ ಗುಟ್ಟುಗಳನ್ನು ಕೇಳಿಸಿಕೊಳ್ಳಲು ಬಂದವರಿದ್ದರೆ ಮೊದಲೇ ಕ್ಷಮೆ ಕೋರುತ್ತೇನೆ. ನಾನು ಆ ಸಂಘದ ಸದಸ್ಯನಲ್ಲ, ಇತಿಹಾಸ ಓದುವ ಚಪಲ ಇರುವವನು ಅಷ್ಟೆ. ಸಂಘದಲ್ಲಿದ್ದ ದೊಡ್ಡ ಮನುಷ್ಯರ ಪಟ್ಟಿಯಾಗಲಿ, ಅದರ ಸುತ್ತ ಹಬ್ಬಿರುವ ಪಿತೂರಿಯ ಕಥೆಗಳಾಗಲಿ ಇವತ್ತಿನ ವಿಷಯವಲ್ಲ. ಲಾಡ್ಜಿನ, ಅಂದರೆ ಈ ಸಂಘದ ಸ್ಥಳೀಯ ಶಾಖೆಯ, ಸಭೆ ನಡೆಯುವಷ್ಟು ಹೊತ್ತೂ ಮುಚ್ಚಿದ ಬಾಗಿಲಿನ ಹೊರಗೆ ಕತ್ತಿ ಹಿಡಿದು ಕಾಯುವ ಒಬ್ಬ ಅಧಿಕಾರಿಯಿದ್ದಾನೆ. ಅವನನ್ನು ಟೈಲರ್ ಎನ್ನುತ್ತಾರೆ. ಬಟ್ಟೆ ಹೊಲಿಯುವವನಿಗೂ ಇವನಿಗೂ ಸಂಬಂಧವಿಲ್ಲ. ಇವತ್ತಿನ ಮಾತೆಲ್ಲ ಇವನ ಕುರಿತು.

ಲಾಡ್ಜಿನ ಬಾಗಿಲಿಗೆ ಇಬ್ಬರು ಕಾವಲುಗಾರರು. ಒಳಗಿರುವವನು ಇನ್ನರ್ ಗಾರ್ಡ್, ಅವನ ಪದಕದ ಮೇಲೆ ಅಡ್ಡಡ್ಡ ಇಟ್ಟ ಎರಡು ಕತ್ತಿಗಳು. ಹೊರಗಿನ ಟೈಲರನ ಪದಕದ ಮೇಲೆ ಒಂದೇ ಕತ್ತಿ. ಒಳಗಿನವನು ಮುಂದೆ ಮೇಲಿನ ಹುದ್ದೆಗಳಿಗೆ ಏರಬೇಕಾದವನು. ಹೊರಗಿನವನು ಅನೇಕ ಲಾಡ್ಜುಗಳಲ್ಲಿ ಆ ಏಣಿಯನ್ನು ಹತ್ತಿ ಇಳಿದವನು, ಅಂದರೆ ಹಿಂದೊಮ್ಮೆ ಮಾಸ್ಟರ್ ಎಂಬ ಅಧ್ಯಕ್ಷನ ಪೀಠದಲ್ಲಿ ಕುಳಿತಿದ್ದವನು. ಇಂಗ್ಲಿಷ್ ಪದ್ಧತಿಯಲ್ಲಿ ಬಹುತೇಕ ಅಧಿಕಾರಿಗಳನ್ನು ಮಾಸ್ಟರ್ ತಾನೇ ನೇಮಿಸಿಕೊಳ್ಳುತ್ತಾನೆ. ಮಾಸ್ಟರ್, ಖಜಾಂಚಿ ಮತ್ತು ಟೈಲರ್, ಈ ಮೂವರನ್ನು ಸದಸ್ಯರು ಆರಿಸುವುದು ವಾಡಿಕೆ. ಹಣದ ಪೆಟ್ಟಿಗೆ ಯಾರ ಕೈಯಲ್ಲಿರಬೇಕು, ಬಾಗಿಲು ಯಾರ ಕೈಯಲ್ಲಿರಬೇಕು ಎಂಬುದನ್ನು ಅಧ್ಯಕ್ಷನ ಮರ್ಜಿಗೆ ಬಿಡದ ಜಾಣತನ ಇದು ಎಂದು ನನಗೆ ತೋರುತ್ತದೆ.

ಸಭಾವಿಧಿಯ ಪಾಠದಲ್ಲಿ ಟೈಲರನ ಕೆಲಸವನ್ನು ಚುಟುಕಾಗಿ ಹೇಳಿದೆ: ಹಿರಿದ ಕತ್ತಿಯೊಂದಿಗೆ ನಿಂತು ಸಂಬಂಧವಿಲ್ಲದವರನ್ನು ದೂರವಿಡಬೇಕು, ದೀಕ್ಷೆಗೆ ಬಂದವನನ್ನು ಸರಿಯಾಗಿ ಸಿದ್ಧಪಡಿಸಬೇಕು. ಮೊದಲನೆಯದು ಎಲ್ಲರ ಕಣ್ಣಿಗೆ ಬೀಳುತ್ತದೆ. ಎರಡನೆಯದರಲ್ಲಿಯೇ ಅವನ ನಿಜವಾದ ಪರೀಕ್ಷೆ.

ಸಭೆಯ ಸಂಜೆ ಉಳಿದವರಿಗಿಂತ ಮುಂಚೆ ಬರುವವನು ಅವನು. ಹೊರಕೋಣೆಯ ಮೇಜಿನ ಮೇಲೆ ಸಹಿ ಪುಸ್ತಕ ತೆರೆದಿಡುತ್ತಾನೆ. ಬಂದವರು ಸಹಿ ಮಾಡಿ, ಏಪ್ರನ್ ಕಟ್ಟಿಕೊಂಡು ಒಳಗೆ ಹೋಗುತ್ತಾರೆ. ಬೇರೆ ಊರಿನ ಅತಿಥಿ ಬಂದರೆ ಅವನ ಗ್ರ್ಯಾಂಡ್ ಲಾಡ್ಜಿನ, ಅಂದರೆ ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆಯ, ಪ್ರಮಾಣಪತ್ರವನ್ನು ನೋಡಬೇಕು, ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಬೇಕು. ನಡುವೆ ಹೊಸಬನೊಬ್ಬ ಬಂದು ಕುರ್ಚಿಯ ತುದಿಯಲ್ಲಿ ಕುಳಿತಿರುತ್ತಾನೆ. ಅವನು ವಕೀಲನಿರಬಹುದು, ವ್ಯಾಪಾರಿಯಿರಬಹುದು, ಹತ್ತು ಜನರಿಗೆ ಅಪ್ಪಣೆ ಕೊಡುವ ಅಧಿಕಾರಿಯಿರಬಹುದು. ಟೈಲರ್ ಅವನ ಕೋಟು ಕಳಚಿಸುತ್ತಾನೆ. ಜೇಬಿನ ನಾಣ್ಯ, ಉಂಗುರ, ಕೈಗಡಿಯಾರ, ಲೋಹದ್ದೇನಿದ್ದರೂ ತೆಗೆಸುತ್ತಾನೆ. ಬಲತೋಳು ಮತ್ತು ಎಡ ಎದೆ ಕಾಣುವಂತೆ ಅಂಗಿ ಸರಿಸಿ, ಎಡಗಾಲಿನ ಪ್ಯಾಂಟನ್ನು ಮಂಡಿಯ ಮೇಲಕ್ಕೆ ಮಡಚಿ, ಬಲಗಾಲಿಗೆ ಹಿಮ್ಮಡಿ ಮೆಟ್ಟಿದ ಚಪ್ಪಲಿ ಹಾಕಿಸುತ್ತಾನೆ. ಕೊರಳಿಗೆ ಹಗ್ಗದ ಕುಣಿಕೆ, ಕಣ್ಣಿಗೆ ಪಟ್ಟಿ.

ಅಷ್ಟು ಹೊತ್ತಿಗೆ ಆ ದೊಡ್ಡ ಮನುಷ್ಯನ ಸ್ಥಿತಿ ಹೇಗಿರುತ್ತದೆ, ನೀವೇ ಊಹಿಸಿ. ಕಣ್ಣು ಕಾಣುವುದಿಲ್ಲ, ನೆಟ್ಟಗೆ ನಡೆಯಲು ಬರುವುದಿಲ್ಲ, ಜೇಬು ಬರಿದು. ಟೈಲರ್ ಒಮ್ಮೆ ಕಿಸಕ್ಕೆಂದು ನಕ್ಕರೂ ಸಾಕು, ಅಥವಾ ಒಳಗೆ ಏನೇನೋ ಕಾದಿದೆ ಎಂದು ಹೆದರಿಸಿದರೂ ಸಾಕು, ಆ ಸಂಜೆ ನಗೆಪಾಟಲಾಗುತ್ತದೆ. ಅವನು ಮುಖ ಗಂಟಿಕ್ಕಬಾರದು, ಸಲಿಗೆಯನ್ನೂ ತೋರಬಾರದು. ಕತ್ತಿ ಹಿಡಿಯಲು ಯಾರಿಗಾದರೂ ಬರುತ್ತದೆ. ಹೆದರಿದವನ ಮಾನ ಕಾಯುತ್ತಾ ಅವನ ಅಂಗಿಯ ಗುಂಡಿ ಬಿಚ್ಚುವುದಕ್ಕೆ ಬೇರೆಯದೇ ಹದ ಬೇಕು. ಹಳೆಯ ಮಾಸ್ಟರನಿಗೆ ಈ ಕೆಲಸ ಒಪ್ಪಿಸುವುದರ ಅರ್ಥ ನನಗೆ ಹೊಳೆದದ್ದು ಇಲ್ಲಿ.

ಸಭೆ ಆರಂಭವಾಗುವಾಗ ಮಾಸ್ಟರ್ ಕೇಳುವ ಮೊದಲ ಪ್ರಶ್ನೆಯೇ ಬಾಗಿಲಿನ ಕುರಿತದ್ದು. ಮೇಸನ್ನನ ಮೊದಲ ಕಾಳಜಿ ಯಾವುದು ಎಂದು ಕೇಳಿದರೆ, ಲಾಡ್ಜಿಗೆ ಸರಿಯಾದ ಕಾವಲಿದೆಯೇ ಎಂದು ನೋಡುವುದು ಎಂಬುದು ಉತ್ತರ. ಒಳಗಿನವನು ಬಾಗಿಲು ತೆರೆಯದೆ ತಟ್ಟುತ್ತಾನೆ, ಹೊರಗಿನಿಂದ ತಟ್ಟಿನಲ್ಲಿಯೇ ಉತ್ತರ ಬರುತ್ತದೆ. ಆ ಉತ್ತರ ಬಾರದೆ ಮುಂದಿನ ಮಾತಿಲ್ಲ. 19ನೆಯ ಶತಮಾನದಲ್ಲಿ ಅಮೆರಿಕದ ಆಲ್ಬರ್ಟ್ ಮೆಕ್ಕಿ ಈ ಸಂಘದ ಬದಲಾಗದ 25 ನಿಯಮಗಳ ಪಟ್ಟಿ ಮಾಡಿದಾಗ, ಕಾವಲಿಲ್ಲದೆ ಲಾಡ್ಜ್ ಸೇರಕೂಡದು ಎಂಬುದನ್ನು 11ನೆಯದಾಗಿ ಇಟ್ಟ.

ಈ ಹುದ್ದೆ ಹುಟ್ಟಿದ ಜಾಗ ಮಾತ್ರ ಅಷ್ಟೇನೂ ಗಂಭೀರವಾದದ್ದಲ್ಲ. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜುಗಳು ಕೂಡಿ ಮೊದಲ ಗ್ರ್ಯಾಂಡ್ ಲಾಡ್ಜ್ ಕಟ್ಟಿದವು ಎಂಬುದು ಸಂಘದ ಚರಿತ್ರೆ. ಸೇರಿದ್ದು ಸೇಂಟ್ ಪಾಲ್ಸ್ ಚರ್ಚಿನ ಬಳಿಯ ಗೂಸ್ ಆ್ಯಂಡ್ ಗ್ರಿಡೈರನ್ ಎಂಬ ಹೆಂಡದ ಅಂಗಡಿಯಲ್ಲಿ. ಆಗ ಲಾಡ್ಜುಗಳಿಗೆ ಸ್ವಂತ ಕಟ್ಟಡಗಳಿರಲಿಲ್ಲ, ಹೆಂಡದಂಗಡಿಯ ಮಹಡಿ ಕೋಣೆಯೇ ಸಭಾಂಗಣ. ಕೆಳಗೆ ಕುಡಿದವರ ಗದ್ದಲ, ಮೆಟ್ಟಿಲ ಮೇಲೆ ಓಡಾಡುವ ಪರಿಚಾರಕರು. ಅಂಥಲ್ಲಿ ಬಾಗಿಲಿಗೊಬ್ಬ ಬೇಕೇ ಬೇಕು, ಅವನಾದರೂ ಕುಡಿಯದೆ ಇರಬೇಕು.

ಕೆಲಸ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಸಭೆಯ ಓಲೆಗಳನ್ನು ಮನೆ ಮನೆಗೆ ಮುಟ್ಟಿಸುವವನು ಅವನೇ. ಸಭೆಗೆ ಮೊದಲು ಸೀಮೆಸುಣ್ಣ, ಇದ್ದಿಲು ಹಿಡಿದು ನೆಲದ ಮೇಲೆ ಲಾಡ್ಜಿನ ನಕ್ಷೆ ಬರೆಯುತ್ತಿದ್ದವನೂ ಅವನೇ, ಅದಕ್ಕೆ ಬೇರೆ ಕೂಲಿ ಸಿಗುತ್ತಿತ್ತು. ಸಭೆ ಮುಗಿದ ಮೇಲೆ ಬಕೆಟ್ಟು, ಒರೆಸುವ ಬಟ್ಟೆ ತಂದು ಆ ಗೆರೆಗಳನ್ನು ಅಳಿಸಬೇಕು. ಹೊಸದಾಗಿ ದೀಕ್ಷೆ ಪಡೆದವನ ಕೈಯಲ್ಲೇ ಒರೆಸಿಸುವುದೂ ಇತ್ತು, ಅವನು ಯಾವ ಮನೆತನದವನಾದರೂ ಸರಿ.

1723ರಲ್ಲಿ ಅಚ್ಚಾದ ನಿಯಮಗಳಲ್ಲಿ ಗ್ರ್ಯಾಂಡ್ ಲಾಡ್ಜಿನ ಬಾಗಿಲು ನೋಡಿಕೊಳ್ಳುವವನ ಮಾತು ಬರುತ್ತದೆ. ಅವನು ಫೆಲೋ ಕ್ರಾಫ್ಟ್ ಎಂಬ ಎರಡನೆಯ ದರ್ಜೆಯ ಮೇಸನ್ ಆಗಿರಬೇಕು, ಆದರೆ ಗ್ರ್ಯಾಂಡ್ ಲಾಡ್ಜಿನ ಸದಸ್ಯನಾಗಿರಕೂಡದು. ಬಾಗಿಲಿನ ಆಚೆಗಿನದನ್ನು ಬಲ್ಲವನಾಗಿರಬೇಕು, ಅಲ್ಲಿನ ನಿರ್ಣಯಗಳಲ್ಲಿ ಪಾಲು ಕೇಳಬಾರದು. ಕಾಯುವವನಿಗೆ ಒಳಗಿನ ಲಾಭ ನಷ್ಟದ ಹಂಗು ಇರದಿದ್ದರೆ ಒಳ್ಳೆಯದು ಎಂದು ಯಾರೋ ಲೆಕ್ಕ ಹಾಕಿರಬೇಕು.

ಇಲ್ಲಿ ಆ್ಯಂಟನಿ ಸೇಯರ್ ಎಂಬವನ ಕಥೆ ಹೇಳಬೇಕು. 1717ರಲ್ಲಿ ಆ ಹೆಂಡದಂಗಡಿಯಲ್ಲಿ ಮೊತ್ತಮೊದಲ ಗ್ರ್ಯಾಂಡ್ ಮಾಸ್ಟರ್ ಎಂದು ಆಯ್ಕೆಯಾದವನು ಅವನು. ಮರುವರ್ಷ ಜಾರ್ಜ್ ಪೇನ್ ಆ ಪೀಠಕ್ಕೆ ಬಂದ. ಅದಾದ ಕೆಲವೇ ವರ್ಷಗಳಲ್ಲಿ ಪೀಠದಲ್ಲಿ ಡ್ಯೂಕರು ಕುಳಿತರು. ಸೇಯರ್ ಬಡತನಕ್ಕೆ ಬಿದ್ದ. ತಾನು ಮುಖ್ಯಸ್ಥನಾಗಿದ್ದ ಸಂಸ್ಥೆಯ ಮುಂದೆಯೇ ಸಹಾಯಧನಕ್ಕೆ ಅರ್ಜಿ ಹಿಡಿದು ನಿಂತ. 1730ರಲ್ಲಿ 15 ಪೌಂಡು ಸಿಕ್ಕಿತು. ಆಮೇಲೆ ಓಲ್ಡ್ ಕಿಂಗ್ಸ್ ಆರ್ಮ್ಸ್ ಎಂಬ ಲಾಡ್ಜಿನಲ್ಲಿ ಟೈಲರ್ ಆದ.

ಮೇಸನ್ನರ ಭಾಷಣಗಳಲ್ಲಿ ಇದನ್ನು ವಿನಯದ ದೃಷ್ಟಾಂತವಾಗಿ ಹೇಳುವುದುಂಟು: ನೋಡಿ, ಸಿಂಹಾಸನದಲ್ಲಿದ್ದವನೇ ಬಾಗಿಲು ಕಾಯಲು ಬಂದ ಎಂದು. ನನಗೆ ಆ ವ್ಯಾಖ್ಯಾನ ಒಪ್ಪಿಗೆಯಿಲ್ಲ. ಅದು ಹೊಟ್ಟೆಪಾಡು. ವಯಸ್ಸಾದವನಿಗೆ ಸಂಜೆಗಿಷ್ಟು ಎಂದು ಕಾಸು ಸಿಗುವ ಕೆಲಸ ಬೇಕಿತ್ತು. ಮೆಚ್ಚಬೇಕಾದದ್ದಿದ್ದರೆ ಆ ಲಾಡ್ಜಿನವರನ್ನು. ಕೈಗೆ ಭಿಕ್ಷೆ ಹಾಕಿ ಕಳಿಸುವ ಬದಲು ಒಂದು ಹುದ್ದೆ ಕೊಟ್ಟು ಇರಿಸಿಕೊಂಡರು. 1742ರ ಜನವರಿಯಲ್ಲಿ ಅವನ ಅಂತ್ಯಕ್ರಿಯೆ ಕೋವೆಂಟ್ ಗಾರ್ಡನ್ನಿನಲ್ಲಿ ನಡೆದಾಗ ಮೇಸನ್ನರು ಗುಂಪಾಗಿ ಹೋಗಿದ್ದರು.

ಈಗ ಸಭಿಕರಲ್ಲಿ ಯಾರಾದರೂ ಕೇಳಬಹುದು: ಅಷ್ಟೆಲ್ಲ ಕಾಯುವಂಥದ್ದು ಒಳಗೆ ಏನಿತ್ತು? 1730ರಲ್ಲಿಯೇ ಲಂಡನ್ನಿನಲ್ಲಿ ದೀಕ್ಷಾವಿಧಿಯ ಪ್ರಶ್ನೋತ್ತರಗಳು ಅಚ್ಚಾಗಿ ಬೀದಿಯಲ್ಲಿ ಮಾರಾಟವಾದವು. ಕದ್ದು ಕೇಳಿದವನಿಗೆ ಯಾವ ಶಿಕ್ಷೆ ಎಂಬುದೂ ಅದರಲ್ಲಿತ್ತು. ಮಳೆಗಾಲದಲ್ಲಿ ಅವನನ್ನು ಸೂರಿನ ಅಂಚಿನಡಿ ನಿಲ್ಲಿಸಬೇಕು, ಭುಜದಿಂದ ಇಳಿದ ನೀರು ಬೂಟಿನಿಂದ ಹೊರಬರುವವರೆಗೆ! ಗುಟ್ಟು ಹೊರಬಿದ್ದು ಮುನ್ನೂರು ವರ್ಷಗಳಾಗುತ್ತ ಬಂದರೂ ಟೈಲರ್ ಇನ್ನೂ ನಿಂತಿದ್ದಾನೆ. ಅಂದ ಮೇಲೆ ಅವನು ಕಾಯುತ್ತಿರುವುದು ಒಳಗಿನವರ ಏಕಾಗ್ರತೆಯನ್ನು, ಕಣ್ಣು ಕಟ್ಟಿಸಿಕೊಂಡು ಹೋದ ಆ ಹೊಸಬನ ಮಾನವನ್ನು ಎಂದೇ ನಾನು ತಿಳಿದಿದ್ದೇನೆ.

ಕಾವಲಿನ ಮಿತಿಯನ್ನು ತೋರಿಸುವ ಒಂದು ಪ್ರಸಂಗ ಐರ್ಲೆಂಡಿನಲ್ಲಿದೆ. ಸುಮಾರು 1712, ಕಾರ್ಕ್ ಪ್ರಾಂತದ ಡೋನರೈಲ್ ಮನೆ. ಮನೆಯ ಯಜಮಾನ ಒಂದು ಕೋಣೆಯಲ್ಲಿ ಲಾಡ್ಜ್ ನಡೆಸುತ್ತಿದ್ದಾನೆ, ಪಕ್ಕದ ಕೋಣೆಯ ಗೋಡೆಯ ದುರಸ್ತಿ ನಡೆದಿದೆ. ಮಗಳು ಎಲಿಜಬೆತ್ ಸೇಂಟ್ ಲೆಜರ್ ಸಡಿಲವಾದ ಇಟ್ಟಿಗೆಗಳ ಸಂದಿಯಿಂದ ಎಲ್ಲವನ್ನೂ ನೋಡಿಬಿಟ್ಟಳು. ಗಾಬರಿಯಿಂದ ಓಡಿಬಂದರೆ ಎದುರಿಗೆ ಕತ್ತಿ ಹಿಡಿದ ಟೈಲರ್, ಅವರ ಮನೆಯ ಬಟ್ಲರನೇ. ಕೊನೆಗೆ ಅವಳಿಗೆ ದೀಕ್ಷೆ ಕೊಟ್ಟು ಸದಸ್ಯಳನ್ನಾಗಿ ಮಾಡಿಕೊಂಡರು ಎಂಬುದು ಪ್ರತೀತಿ. ಬಟ್ಲರ್ ಬಾಗಿಲನ್ನು ಸರಿಯಾಗಿಯೇ ಕಾದಿದ್ದ, ಗೋಡೆ ಕೈಕೊಟ್ಟಿತು. ಯಜಮಾನನ ಮಗಳು ಎಂದು ಅವನು ಕಂಡೂ ಕಾಣದಂತೆ ದಾರಿ ಬಿಡಲಿಲ್ಲ ಎಂಬುದನ್ನು ಗಮನಿಸಿ.

ತಡೆಯುವುದಕ್ಕಿಂತ ಯಾರನ್ನು ತಡೆಯಬೇಕೆಂದು ಅರಿಯುವುದು ಕಷ್ಟ. ಸನಕಾದಿಗಳನ್ನು ತಡೆದು ಶಾಪ ಹೊತ್ತುಕೊಂಡ ಜಯವಿಜಯರ ಪಾಡು ನಮಗೆ ಗೊತ್ತಿದ್ದದ್ದೇ. ಆದರೆ ಒಂದು ವಿಷಯದಲ್ಲಿ ಟೈಲರನನ್ನು ದೂರಿ ಫಲವಿಲ್ಲ. ಯಾರು ಸದಸ್ಯರಾಗಬೇಕು ಎಂಬುದನ್ನು ತೀರ್ಮಾನಿಸುವುದು ಬಾಗಿಲಲ್ಲ, ಒಳಗಿನ ಮತಪೆಟ್ಟಿಗೆ. ಅದರಲ್ಲಿ ಬಿಳಿ ಗುಂಡು ಬಿದ್ದರೆ ಒಪ್ಪಿಗೆ, ಕಪ್ಪು ಗುಂಡು ಬಿದ್ದರೆ ನಿರಾಕರಣೆ. ಭಾರತಕ್ಕೆ ಈ ಸಂಘ ಬಂದದ್ದು 1730ರ ಸುಮಾರಿಗೆ, ಕಲ್ಕತ್ತಾದ ಫೋರ್ಟ್ ವಿಲಿಯಂಗೆ. ಅದೇ ಕಲ್ಕತ್ತಾದಲ್ಲಿ ಪ್ರಸನ್ನಕುಮಾರ ದತ್ತರೆಂಬ ಹಿಂದೂ ಗೃಹಸ್ಥರು ವರ್ಷಗಟ್ಟಲೆ ಹೋರಾಡಿ ಒಳಗೆ ಹೋದದ್ದು 1872ರಲ್ಲಿ. ಅವರನ್ನು ತಡೆದದ್ದು ಹೊರಗಿನ ಕತ್ತಿಯಲ್ಲ, ಒಳಗೆ ಕುಳಿತವರ ಬಣ್ಣದ ಹೆಮ್ಮೆ. ಎಲ್ಲರೂ ಸಮಾನರು ಎಂದು ಹೇಳುವ ಸಂಸ್ಥೆಗೆ ಇದು ಮೆರೆಸಿಕೊಳ್ಳುವ ವಿಷಯವಲ್ಲ.

1886ರಲ್ಲಿ ಲಾಹೋರಿನ ಹೋಪ್ ಆ್ಯಂಡ್ ಪರ್ಸಿವರೆನ್ಸ್ ಲಾಡ್ಜ್ ಸೇರಿದ ರುಡ್ಯಾರ್ಡ್ ಕಿಪ್ಲಿಂಗ್, ಅಲ್ಲಿ ನಾಲ್ಕು ಮತಗಳವರಾದರೂ ಇದ್ದರು, ತಮ್ಮ ಟೈಲರ್ ಒಬ್ಬ ಭಾರತೀಯ ಯಹೂದಿ ಎಂದು ಮುಂದೆ ನೆನಪಿಸಿಕೊಂಡಿದ್ದಾನೆ. ದತ್ತರು ಒಳಗೆ ಕಾಲಿಟ್ಟು ಆಗ 14 ವರ್ಷ.

ಊಟದ ಮೇಜಿನ ವಿಷಯ ಹೇಳಿ ಮುಗಿಸುತ್ತೇನೆ. ಸಭೆಯ ನಂತರದ ಭೋಜನದಲ್ಲಿ ಕಟ್ಟಕಡೆಯ ಶುಭಾಶಯ ಟೈಲರನದು. ನೆಲದ ಮೇಲಾಗಲಿ ನೀರಿನ ಮೇಲಾಗಲಿ ಎಲ್ಲೆಲ್ಲೋ ಚದುರಿ ಕಷ್ಟದಲ್ಲಿರುವ ಬಡ ಮೇಸನ್ನರಿಗೆ ಬೇಗ ಪರಿಹಾರ ಸಿಗಲಿ, ಬಯಸುವುದಾದರೆ ಅವರು ತಮ್ಮ ನಾಡಿಗೆ ಕ್ಷೇಮವಾಗಿ ಮರಳಲಿ ಎಂದು ಅವನು ಹೇಳುತ್ತಾನೆ, ಎಲ್ಲರೂ ಲೋಟ ಎತ್ತುತ್ತಾರೆ. ಇಷ್ಟು ಹೊತ್ತು ಹೊರಗಿದ್ದವನ ಬಾಯಲ್ಲಿ ಇನ್ನೂ ಹೊರಗಿರುವವರ ಮಾತು ಬರಲಿ ಎಂದು ಯೋಚಿಸಿಯೇ ಇಟ್ಟರೋ, ಹಾಗೇ ರೂಢಿಯಾಯಿತೋ, ಏರ್ಪಾಡು ಚೆನ್ನಾಗಿದೆ.

ಪ್ರಶ್ನೆಗಳಿದ್ದರೆ ಕೇಳಿ. ಕೈಕುಲುಕುವ ಸಂಕೇತ ಯಾವುದೆಂದು ಮಾತ್ರ ಕೇಳಬೇಡಿ, ನನ್ನನ್ನೂ ಆ ಟೈಲರ್ ಒಳಗೆ ಬಿಡುವುದಿಲ್ಲ.